ಶಾಲೆ ಅಂಗಳದಲ್ಲಿ ಹತ್ತಡಿಯ ಕಡಲ ಹಸು

ನಾನು ಮುನಿರಾಬಾದ್ ಹತ್ತಿರದ ಒಂದು ಊರಲ್ಲಿ ವಿಜ್ಞಾನದ ಮಾಸ್ತರ್. ತುಂಗಭದ್ರಾ ಡ್ಯಾಮಿನ ಹಿನ್ನೀರು ನಡೆದು ಹೋಗುವಷ್ಟು ದೂರ. ಆದರೆ ನನ್ನ ಎಂಟನೇ ತರಗತಿಯಲ್ಲಿ ಕಡಲು ನೋಡಿದವರು ಒಬ್ಬರೂ ಇಲ್ಲ. ಇಂಥವರಿಗೆ ಕಡಲ ಹಸುವಿನ, ಅಂದರೆ ಕಡಲಲ್ಲಿ ಹುಲ್ಲು ಮೇಯುವ ಡುಗಾಂಗ್ ಎಂಬ ಪ್ರಾಣಿಯ, ಪಾಠ ಹೇಳಬೇಕು ಅಂತ ನನಗೇಕೆ ಹೊಳೆಯಿತೋ ಗೊತ್ತಿಲ್ಲ. ಹೇಳಿದೆ, ಮೊದಲ ಸಲ ಪೂರ್ತಿ ಕೆಟ್ಟಿತು.

ನೆಟ್‌ನಿಂದ ಎರಡು ಚಿತ್ರ ಪ್ರಿಂಟ್ ತೆಗೆದು ಬೋರ್ಡಿಗೆ ಅಂಟಿಸಿದ್ದೆ. "ಇದೇ ಡುಗಾಂಗ್, ಕಡಲ ಹಸು ಅಂತಾರೆ" ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದ. "ಸರ, ಒಂದರ ಬಾಲ ಮೊರದಂಗೈತಿ, ಇನ್ನೊಂದರದು ಸೀಳೈತಿ. ಎರಡೂ ಒಂದ ಹೆಂಗಾಗತಾವ್ರಿ?" ನೋಡಿದರೆ ಹೌದು. ಒಂದು ಚಿತ್ರ ಡುಗಾಂಗ್‌ದು, ಇನ್ನೊಂದು ಅದರ ನೆಂಟ ಮ್ಯಾನಟೀದು. ಮ್ಯಾನಟೀ ನಮ್ಮ ದೇಶದ ಕಡಲಲ್ಲಿ ಇಲ್ಲವೇ ಇಲ್ಲ. ಅದರ ಬಾಲ ದುಂಡಗೆ ಇರುತ್ತದೆ, ಡುಗಾಂಗ್‌ನದು ತಿಮಿಂಗಿಲದ ಬಾಲದ ಹಾಗೆ ಸೀಳಿರುತ್ತದೆ. ಡಿಗ್ರಿ ಓದಿದ ನಾನು ನೋಡದ್ದನ್ನು ಅವನು ನೋಡಿದ್ದ. ಅವತ್ತು ಪಾಠ ಅಲ್ಲಿಗೇ ನಿಲ್ಲಿಸಿದೆ.

ಎರಡನೇ ಸಲ ಚಿತ್ರದ ಸಹವಾಸವೇ ಬೇಡ ಅಂತ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. ಖೋ ಖೋ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ಒಂದು ಚೀಲ, ಅಳತೆಗೆ ಹಗ್ಗ. ಬೆಳೆದ ಡುಗಾಂಗ್ ಸುಮಾರು ಮೂರು ಮೀಟರ್, ಅಂದರೆ ಹತ್ತಡಿ. ಇಬ್ಬರು ಹುಡುಗರನ್ನು ಸಾಲಾಗಿ ಮಲಗಿಸಿದೆವು, ಸಾಲಲಿಲ್ಲ. ಮೂರನೆಯವನನ್ನು ಮಲಗಿಸಿದರೆ ಅವನ ಕಾಲು ಬಾಲ ದಾಟಿತು. ಮಡಚಿಕೋ ಅಂದೆವು. ಹೊಟ್ಟೆ ಬರೆದಿದ್ದು ನಾನು, ಕುಂಬಳಕಾಯಿ ಆಯಿತು. ಹೆಣ್ಣುಮಕ್ಕಳು ಅಳಿಸಿ ರಂಗೋಲಿ ಎಳೆ ಎಳೆದ ಹಾಗೆ ಸರಿಮಾಡಿದರು. ಬಾಯಿ ಮಾತ್ರ ಕೆಳಕ್ಕೆ ಬಾಗಿರಬೇಕು ಅಂತ ನಾನು ಹಟ ಹಿಡಿದೆ. ಅದು ಮೇಯುವುದು ಕಡಲ ತಳದ ಹುಲ್ಲು.

ಆ ಹುಲ್ಲು ಪಾಚಿ ಅಲ್ಲ. ಬೇರು, ಹೂವು ಇರುವ ನಿಜವಾದ ಗಿಡ. ಡುಗಾಂಗ್ ಅದನ್ನು ಬೇರುಸಮೇತ ಕಿತ್ತು ತಿನ್ನುತ್ತದೆ. ಅದು ಮೇದು ಹೋದ ಜಾಗದಲ್ಲಿ ತಳದ ಮಣ್ಣಿನ ಮೇಲೆ ಉದ್ದಕ್ಕೆ ಗೆರೆ ಬಿದ್ದಿರುತ್ತದೆ. "ಕೂರಿಗಿ ಸಾಲಿನಂಗ?" ಅಂದಳು ಒಬ್ಬಳು. ಅದಕ್ಕಿಂತ ಒಳ್ಳೆ ಮಾತು ನನ್ನ ಹತ್ತಿರ ಇರಲಿಲ್ಲ. ನೀರು ರಾಡಿಯಾದರೆ ಬಿಸಿಲು ತಳಕ್ಕೆ ಇಳಿಯಲ್ಲ, ಹುಲ್ಲು ಸಾಯುತ್ತದೆ. 2021ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸಾವಿರಕ್ಕೂ ಜಾಸ್ತಿ ಮ್ಯಾನಟೀ ಸತ್ತವು. ಹುಲ್ಲು ಹೋಗಿ, ಹೊಟ್ಟೆಗಿಲ್ಲದೆ ಸತ್ತವೇ ಅದರಲ್ಲಿ ಬಹಳ.

ಆಮೇಲೆ ಪ್ರಶ್ನೆ ಶುರುವಾದವು. ಎಲ್ಲಾ ದನ ಕಟ್ಟಿದ ಮನೆಯ ಪ್ರಶ್ನೆಗಳೇ. ತೂಕ ಎಷ್ಟು? ಮುನ್ನೂರು ನಾನೂರು ಕಿಲೋ, ದೊಡ್ಡ ಎಮ್ಮೆಯಷ್ಟು. ಮೇವು ಎಷ್ಟು ಬೇಕು? ದಿನಕ್ಕೆ ಮೂವತ್ತು ನಲವತ್ತು ಕಿಲೋ ತಿನ್ನಬಲ್ಲದು. "ಕೆಚ್ಚಲು ಎಲ್ಲೈತ್ರಿ?" ನಾವು ಬರೆದೇ ಇರಲಿಲ್ಲ! ಅದಕ್ಕೆ ಎರಡೇ ಮೊಲೆ, ಅವೂ ಮುಂದಿನ ಈಜುಗಾಲಿನ ಕಂಕುಳಲ್ಲಿ. ಆನೆಗೂ ಮುಂಗಾಲಿನ ನಡುವೆ ಇರುತ್ತವಲ್ಲ, ಹಾಗೆ. ಹೆಸರು ಹಸು ಆದರೂ ಇದರ ಹತ್ತಿರದ ರಕ್ತಸಂಬಂಧ ಆನೆಯ ಜೊತೆ. ನಗು ನಿಲ್ಲುವುದಕ್ಕೆ ಐದು ನಿಮಿಷ ಹಿಡಿಯಿತು.

"ಎಷ್ಟು ವರ್ಷಕ್ಕ ಗಬ್ಬ ಆಗತೈತ್ರಿ?" ಇದಕ್ಕೇ ನಾನು ಕಾಯುತ್ತಿದ್ದೆ. ಎಮ್ಮೆ ನಾಲ್ಕು ವರ್ಷಕ್ಕೆಲ್ಲ ಈಯುತ್ತದೆ, ಆಮೇಲೆ ವರ್ಷ ಒಂದೂವರೆ ವರ್ಷಕ್ಕೊಂದು ಕರು. ಡುಗಾಂಗ್ ಹಾಗಲ್ಲ. ಮೊದಲ ಕರುವಿಗೆ ಹತ್ತು ವರ್ಷ ದಾಟುವುದೂ ಉಂಟು. ಹೊಟ್ಟೆಯಲ್ಲಿ ಒಂದು ವರ್ಷಕ್ಕೂ ಜಾಸ್ತಿ ಇರುತ್ತದೆ. ಒಂದು ಸಲಕ್ಕೆ ಒಂದೇ ಕರು, ಮುಂದಿನದಕ್ಕೆ ಮೂರರಿಂದ ಏಳು ವರ್ಷ. ಸುಣ್ಣದಲ್ಲೇ ಇಪ್ಪತ್ತು ವರ್ಷದ ಎರಡು ಗೆರೆ ಎಳೆದು ಲೆಕ್ಕ ಹಾಕಿಸಿದೆ. ಎಮ್ಮೆಯ ಗೆರೆಯಲ್ಲಿ ಹನ್ನೊಂದು ಚುಕ್ಕೆ. ಡುಗಾಂಗ್‌ನ ಗೆರೆಯಲ್ಲಿ ಮೂರು. ಯಾರೂ ಮಾತಾಡಲಿಲ್ಲ. ಎಪ್ಪತ್ತು ವರ್ಷ ದಾಟಿಯೂ ಬದುಕಬಲ್ಲದು ಅಂದಾಗ ಒಬ್ಬ ಕೈಬೆರಳು ಮಡಚಿ ಎಣಿಸಿ, "ನಮ್ಮ ಡ್ಯಾಂ ಕಟ್ಟಿದಾಗಿನದು ಇನ್ನೂ ಇರಬೋದಲ್ರಿ" ಅಂದ. ಡ್ಯಾಂ ಮುಗಿದಿದ್ದು 1953ರಲ್ಲಿ. ಇರಬಹುದು.

ಬಲೆಯ ಮಾತು ನಾನು ಎತ್ತಬೇಕಾಗಲೇ ಇಲ್ಲ. ಹಿನ್ನೀರಲ್ಲಿ ಮೀನು ಹಿಡಿಯುವ ಮನೆಯ ಹುಡುಗ ಒಬ್ಬನಿದ್ದಾನೆ. ಅವನಪ್ಪನಿಗೂ ನೀರುನಾಯಿಗೂ ದಿನಾ ಜಗಳ. ಬಲೆ ಹರಿದು ಮೀನು ತಿನ್ನುತ್ತವೆ. ಇದೇ ಹೊಳೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಅವುಗಳಿಗೆ ಅಂತ 2015ರಲ್ಲಿ ಮೀಸಲಾಗಿದೆ. ಹಾಗೇ ಡುಗಾಂಗ್‌ಗೂ 2022ರಲ್ಲಿ ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಮೀಸಲಿಟ್ಟರು ಅಂದೆ. ಡುಗಾಂಗ್ ಮೀನಲ್ಲ, ಆಗಾಗ ಮೇಲೆ ಬಂದು ಉಸಿರೆಳೆಯಬೇಕು. ಗೋಡೆ ಹಾಗೆ ನಿಂತ ಬಲೆಯಲ್ಲಿ ಸಿಕ್ಕಿದರೆ ಮುಳುಗಿಯೇ ಸಾಯುತ್ತದೆ. ಎಲ್ಲರಿಗೂ ಉಸಿರು ಹಿಡಿಯಲು ಹೇಳಿದೆ. ಒಂದು ನಿಮಿಷ ಮುಟ್ಟಿದವರು ಇಬ್ಬರು, ಅದರಲ್ಲಿ ಒಬ್ಬ ಕಳ್ಳ.

ಸಿಕ್ಕಿದ್ದನ್ನು ಬಿಡಿಸಿ ಕಡಲಿಗೆ ಬಿಟ್ಟ ಮೀನುಗಾರರಿಗೆ ಅಲ್ಲಿ ಅರಣ್ಯ ಇಲಾಖೆ ಬಹುಮಾನ ಕೊಟ್ಟಿದೆ ಅಂದೆ. ಆ ಹುಡುಗ ಸುಮ್ನೆ ಕೇಳುತ್ತಿದ್ದ. ಕೊನೆಗೆ, "ಬಲೆ ಕೊಯ್ದು ಬಿಡಬೇಕಲ್ರಿ ಸರ. ಬಹುಮಾನ ದೊಡ್ಡದೋ, ಬಲೆ ರೊಕ್ಕ ದೊಡ್ಡದೋ?" ಅಂದ. ಇಂಥ ಪ್ರಶ್ನೆಗೆ ಪುಸ್ತಕ ನೋಡಿ ಉತ್ತರ ಹೇಳೋಕಾಗಲ್ಲ. ನಿಮ್ಮಪ್ಪನನ್ನೇ ಒಂದು ದಿನ ಶಾಲೆಗೆ ಕರೆದುಕೊಂಡು ಬಾ ಅಂದಿದ್ದೇನೆ.

ಮೂರನೇ ದಿನ ಮಳೆ ಬಂತು. ಬಾಲ ಒಂದು ಉಳಿದು ಮಿಕ್ಕಿದ್ದೆಲ್ಲ ತೊಳೆದುಹೋಯಿತು. ಸೀಳು ಬಾಲವೇ. ಹೆಡ್ ಮಾಸ್ತರರು ಖಾಲಿ ಚೀಲ ಹಿಡಿದು ಬಂದು, ಕ್ರೀಡಾಕೂಟಕ್ಕೆ ಸುಣ್ಣ ಎಲ್ಲಿ ಅಂತ ಕೇಳಿದರು.