‘ಜೊಂಬಿ ಜಿಂಕೆ’ ವಿಡಿಯೋ ಬಂದರೆ ಮೊದಲು ಏನು ಕೇಳಬೇಕು

ನಮ್ಮೂರ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ವಿಡಿಯೋ ಬಂತು. ಎಲುಬು ಕಾಣುವಷ್ಟು ಬಡಕಲಾದ ಜಿಂಕೆ, ಬಾಯಲ್ಲಿ ಜೊಲ್ಲು, ನಿಂತಲ್ಲೇ ತೂರಾಡುತ್ತಿದೆ. ಕೆಳಗೆ ‘ತೋಟಕ್ಕೆ ಹೋಗುವವರು ಹುಷಾರು’ ಅಂತ ಒಕ್ಕಣೆ. ಹೆದರೋದು ಸಹಜ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಕಂಡಾಗಿಂದ ಸತ್ತ ಮಂಗ ಕಂಡರೆ ದಾರಿ ಬದಲಿಸುವವರು ನಾವು. ಆದರೆ ಅದಕ್ಕೆ ವೈರಸ್ ಕಾರಣ, ಹರಡೋದು ಉಣುಗು. ‘ಜೊಂಬಿ ಜಿಂಕೆ’ ಅಂತ ಹೆಸರು ಬಿದ್ದಿರುವ ಜಿಂಕೆಯ ಈ ಕಾಯಿಲೆ, ಅಂದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (CWD), ಇದರಲ್ಲಿ ವೈರಸ್ಸೂ ಇಲ್ಲ, ಬ್ಯಾಕ್ಟೀರಿಯಾವೂ ಇಲ್ಲ, ಕಾರಣ ಪ್ರಿಯಾನ್ ಅನ್ನುವ ಒಂದು ಪ್ರೋಟೀನು. ಹಾಗಾಗಿ ಫಾರ್ವರ್ಡ್ ಒತ್ತುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಜಿಂಕೆ, ಯಾವ ತಳಿಯ ಕಾಯಿಲೆ, ಯಾವ ದಾರಿಯಲ್ಲಿ ಬಂತು?

ಯಾವ ಜಿಂಕೆ ಅನ್ನೋದು ಸುಲಭ. ಮೈಮೇಲೆ ಬಿಳಿ ಚುಕ್ಕೆ ಇದೆಯಾ, ಹಿಂದೆ ಯಾವ ಮರ ಇದೆ ಅಂತ ನೋಡಿ. ಗುಂಪಿಗೆ ಬಂದ ವಿಡಿಯೋದಲ್ಲಿ ನೆಲದ ತುಂಬ ಹಿಮ ಇತ್ತು, ಯಾರೂ ಗಮನಿಸಿರಲಿಲ್ಲ! ಈ ಕಾಯಿಲೆ ಮೊದಲು ಕಣ್ಣಿಗೆ ಬಿದ್ದಿದ್ದು 1967ರಲ್ಲಿ, ಅಮೆರಿಕದ ಕೊಲೊರಾಡೊದಲ್ಲಿ ಸಾಕಿದ್ದ ಮ್ಯೂಲ್ ಡಿಯರ್ ಅನ್ನುವ ಜಿಂಕೆಗಳಲ್ಲಿ. ಆಮೇಲೆ ವೈಟ್‌ಟೇಲ್, ಎಲ್ಕ್, ಮೂಸ್ ಅನ್ನುವ ಬೇರೆ ಜಿಂಕೆ ಜಾತಿಗಳಿಗೂ ಬಂತು. ನಮ್ಮ ಕಾಡುಕುರಿಯ ಹತ್ತಿರದ ನೆಂಟ, ಚೀನಾ ಕಡೆಯ ರೀವ್ಸ್ ಮಂಟ್ಜಾಕ್‌ಗೆ ಪ್ರಯೋಗಾಲಯದಲ್ಲಿ ಅಂಟಿಸಿ ನೋಡಿದ್ದಾರೆ, ಅದಕ್ಕೂ ಬಂದಿದೆ. ಫ್ಯಾಲೋ ಡಿಯರ್ ಅನ್ನುವ ಜಾತಿಗೆ ಮಾತ್ರ ಸುಲಭಕ್ಕೆ ಅಂಟೋದಿಲ್ಲ. ಅಂದರೆ ‘ಜಿಂಕೆ ಕಾಯಿಲೆ’ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕೋಕಾಗಲ್ಲ.

ತಳಿ ಅನ್ನೋದು ಸ್ವಲ್ಪ ತಲೆತಿನ್ನುವ ವಿಷಯ. ಹಾಳೆಯಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಅಡಿಕೆ ಹಾಳೆ ಒಂದೇ, ಒಂದು ಥರ ಮಡಿಸಿದರೆ ಟೋಪಿ, ಇನ್ನೊಂದು ಥರ ಮಡಿಸಿದರೆ ಕೊಟ್ಟೆ, ಅಲ್ವಾ? ಪ್ರಿಯಾನ್ ಅಂದರೆ ಮಿದುಳಿನಲ್ಲಿ ಮಾಮೂಲಾಗಿ ಇರುವ ಪ್ರೋಟೀನೇ, ಮಡಿಕೆ ಮಾತ್ರ ತಪ್ಪಿರುತ್ತದೆ. ಅದು ಪಕ್ಕದ ಸರಿಯಾದ ಪ್ರೋಟೀನನ್ನೂ ತನ್ನ ಹಾಗೇ ಮಡಿಸಿಬಿಡುತ್ತದೆ, ಅದು ಇನ್ನೊಂದನ್ನು, ಹೀಗೇ ಸಾಗಿ ಕೊನೆಗೆ ಮಿದುಳು ಸ್ಪಂಜಿನಂತೆ ತೂತು ಬೀಳುತ್ತದೆ. ಮಡಿಕೆ ಬೇರೆಯಾದರೆ ತಳಿ ಬೇರೆ. ಹಾಳೆಯಲ್ಲೂ ವ್ಯತ್ಯಾಸ ಇರುತ್ತದೆ ಅನ್ನಿ. ಕೆಲವು ವೈಟ್‌ಟೇಲ್ ಜಿಂಕೆಗಳ ಈ ಪ್ರೋಟೀನಿನಲ್ಲಿ 96ನೇ ಜಾಗದಲ್ಲಿ ಗ್ಲೈಸಿನ್ ಅನ್ನುವ ಅಮೈನೊ ಆಮ್ಲದ (ಪ್ರೋಟೀನಿನ ಬಿಡಿಭಾಗದ) ಬದಲು ಸೆರಿನ್ ಅನ್ನುವ ಇನ್ನೊಂದು ಇರುತ್ತದೆ. ಅವುಗಳಲ್ಲಿ ಕಾಯಿಲೆ ನಿಧಾನ. ನಿಧಾನ ಅಂದರೆ ಒಳ್ಳೇದು ಅಂದುಕೊಳ್ಳಬೇಡಿ, ಅಷ್ಟು ಜಾಸ್ತಿ ದಿನ ಬದುಕಿದ್ದು ಪ್ರಿಯಾನ್ ಉದುರಿಸುತ್ತಾ ಓಡಾಡುತ್ತದೆ.

ತಳಿಗೂ ಹರಡುವುದಕ್ಕೂ ಏನು ನಂಟು ಅಂತ ತಿಳಿಯಬೇಕಾದರೆ ನಾರ್ವೆ ನೋಡಬೇಕು. 2016ರಲ್ಲಿ ಅಲ್ಲಿನ ನಾರ್ಡ್‌ಫ್ಯೆಲ್ಲಾ ಬೆಟ್ಟಗಳ ಹಿಮಸಾರಂಗದಲ್ಲಿ ಕಾಯಿಲೆ ಸಿಕ್ಕಿತು, ಯುರೋಪಿನಲ್ಲಿ ಅದೇ ಮೊದಲು. ಅದೇ ವರ್ಷ ಅಲ್ಲಿನ ಮೂಸ್‌ಗಳಲ್ಲೂ ಸಿಕ್ಕಿತು. ಆದರೆ ಎರಡೂ ಒಂದೇ ಅಲ್ಲ. ಹಿಮಸಾರಂಗದಲ್ಲಿ ಪ್ರಿಯಾನ್ ಮಿದುಳಿನ ಜೊತೆ ಗಂಟಲಿನ ದುಗ್ಧರಸ ಗ್ರಂಥಿಗಳಲ್ಲೂ (ಲಿಂಫ್ ನೋಡ್) ಇತ್ತು. ಮೂಸ್‌ಗಳಲ್ಲಿ ಸಿಕ್ಕಿದ್ದು ಮಿದುಳಿನಲ್ಲಿ ಮಾತ್ರ, ಅವೂ ಹೆಚ್ಚಾಗಿ ಮುದಿ ಪ್ರಾಣಿಗಳು. ಗ್ರಂಥಿಯಲ್ಲಿ ತುಂಬಿಕೊಂಡರೆ ಜೊಲ್ಲು, ಮೂತ್ರ, ಹಿಕ್ಕೆಯಲ್ಲಿ ಹೊರಗೆ ಬರೋದು ಸಲೀಸು. ಹಾಗಾಗಿ ನಾರ್ವೆಯವರು ಆ ಹಿಮಸಾರಂಗದ ಹಿಂಡನ್ನೇ, 2 ಸಾವಿರಕ್ಕೂ ಹೆಚ್ಚು ತಲೆಗಳನ್ನು, 2018ರೊಳಗೆ ಕೊಂದು ಮುಗಿಸಿದರು. ಮೂಸ್‌ಗಳ ವಿಷಯದಲ್ಲಿ ಹಾಗೆ ಮಾಡಲಿಲ್ಲ.

ಹೊರಬಿದ್ದ ಪ್ರಿಯಾನ್ ಮಣ್ಣಿಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ಸಾಯಲ್ಲ, ಸಾಯೋಕೆ ಅದಕ್ಕೆ ಜೀವವೇ ಇಲ್ಲವಲ್ಲ. ಉಪ್ಪು ನೆಕ್ಕಲು ಹಿಂಡು ಸೇರುವ ಕಡೆ, ಮೇವು ಹಾಕುವ ಕಡೆ ಬೇಗ ಹರಡುತ್ತದೆ. ದೂರದೂರಿಗೆ ಮುಟ್ಟಿಸಿದ್ದು ಮಾತ್ರ ಮನುಷ್ಯರೇ. ದಕ್ಷಿಣ ಕೊರಿಯಾಕ್ಕೆ ಅದು ಹೋಗಿದ್ದು ಕೆನಡಾದಿಂದ ತರಿಸಿದ ಎಲ್ಕ್‌ಗಳ ಜೊತೆ.

ಇನ್ನು ನಿಮ್ಮ ತೋಟದಂಚಿನಲ್ಲೇ ಜೊಲ್ಲು ಸುರಿಸುವ ಜಿಂಕೆಯೋ ಕಡವೆಯೋ ಕಂಡರೆ? ಪ್ರಿಯಾನ್ ಬಿಡಿ, ಅದಕ್ಕಿಂತ ಮೊದಲು ಅನುಮಾನಪಡಬೇಕಾದ್ದು ಹುಚ್ಚುನಾಯಿ ರೋಗ, ಕಾಲುಬಾಯಿ ಜ್ವರ. ಸತ್ತು ಬಿದ್ದು ಮೂಗಲ್ಲಿ ರಕ್ತ ಬಂದಿದ್ದರೆ ಅದು ನೆರಡಿ (ಆಂಥ್ರಾಕ್ಸ್) ಇರಬಹುದು, ಹೆಣ ಕುಯ್ಯಲೇಬೇಡಿ. ನಾಯಿ ಕಟ್ಟಿಹಾಕಿ, ದನ ಆ ಕಡೆ ಬಿಡಬೇಡಿ. ಸುಮ್ನೆ ಕನಿಕರಪಟ್ಟು ನೀರು ಕುಡಿಸೋಕೂ ಹೋಗಬೇಡಿ. ದೂರದಿಂದ ಒಂದು ಫೋಟೋ ತೆಗೆದು, ಜಾಗ ಗುರುತು ಮಾಡಿಕೊಂಡು ಅರಣ್ಯ ಇಲಾಖೆಯ 1926ಕ್ಕೋ ನಿಮ್ಮ ಗಾರ್ಡಿಗೋ ಫೋನ್ ಮಾಡಿ. ಮಾಂಸದ ಆಸೆ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅದು ಅಪರಾಧ. ಪ್ರಿಯಾನ್ ಹೌದೋ ಅಲ್ಲವೋ ಅನ್ನೋದು ಸತ್ತ ಮೇಲೆ ಮಿದುಳಿನ ಕಾಂಡ, ಗಂಟಲ ಗ್ರಂಥಿ ಪರೀಕ್ಷೆ ಮಾಡಿದರೇ ಖಚಿತವಾಗೋದು. ವಿಡಿಯೋ ನೋಡಿ ಹೇಳೋಕಾಗಲ್ಲ, ಗುಂಪಿನ ಅಡ್ಮಿನ್‌ಗೂ ಆಗಲ್ಲ.