ವಿಜಯಪುರ ಜಿಲ್ಲೆಯ ಉಪಕರಣ ಶೆಲ್ಟರಿಗೆ ಏಸಿ: ಯಾವ ನಿಯಂತ್ರಣ ಬೇಕು, ಯಾವುದು ಬೇಡ

ಇಂಡಿ, ಸಿಂದಗಿ ಕಡೆಯ ಬಯಲಿನಲ್ಲಿ ನಿಂತಿರುವ ದೂರಸಂಪರ್ಕ ಶೆಲ್ಟರಿಗೆ (ಉಪಕರಣಗಳನ್ನಿಡುವ ಮುಚ್ಚಿದ ಕೋಣೆಗೆ) ಏಸಿ ಆರಿಸುವವರನ್ನು ಹೆಚ್ಚು ಗೊಂದಲಕ್ಕೆ ಒಡ್ಡುವುದು ಕ್ಯಾಟಲಾಗಿನ ಕೊನೆಯಲ್ಲಿರುವ ಐಚ್ಛಿಕ ಸೌಲಭ್ಯಗಳ ಪಟ್ಟಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಎರೆ ಮಣ್ಣಿನ ಧೂಳು ಏಳುವ, ಕರೆಂಟು ಹೋಗಿ ಬರುವ ಊರಿಗೆ ಯಾವುದು ಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಒಳಿತು.

ಏಸಿಯ ಸಾಮರ್ಥ್ಯವನ್ನು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇರುವಾಗ ಅಳೆದು ಬರೆದಿರುತ್ತಾರೆ. ಹೊರಗಿನ ಬಿಸಿ ಏರಿದಂತೆ ಅದು ಕುಗ್ಗುವುದರಿಂದ, ಮೇ ತಿಂಗಳ ಮಧ್ಯಾಹ್ನಕ್ಕೆ ಎಷ್ಟು ಉಳಿಯುತ್ತದೆ ಎಂಬ ಕೋಷ್ಟಕವನ್ನು ತಯಾರಕರಿಂದ ಕೇಳಿ ಪಡೆಯಬೇಕು.

ಎಲ್ಲಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಲೀಡ್-ಲ್ಯಾಗ್ ಕಂಟ್ರೋಲರಿಗೆ. ಇಲ್ಲಿ ಎರಡು ಏಸಿಗಳಿದ್ದು, ಪ್ರತಿಯೊಂದೂ ಒಂಟಿಯಾಗಿಯೇ ಪೂರ್ಣ ಹೊರೆ ಹೊರುವಂತಿರಬೇಕು. ಕಂಟ್ರೋಲರ್ ಅವುಗಳನ್ನು ದಿನಕ್ಕೋ ವಾರಕ್ಕೋ ಒಮ್ಮೆ ಸರದಿಯಲ್ಲಿ ಓಡಿಸುತ್ತದೆ. ಒಳಗಿನ ಉಷ್ಣತೆ ನಿಗದಿತ ಮಟ್ಟಕ್ಕಿಂತ ಎರಡು ಮೂರು ಡಿಗ್ರಿ ಏರಿದರೆ ಅಥವಾ ಓಡುತ್ತಿರುವುದು ಕೆಟ್ಟು ನಿಂತರೆ ಎರಡನೆಯದನ್ನು ತಾನೇ ಚಾಲೂ ಮಾಡುತ್ತದೆ. ಬೇರೆ ಬೇರೆ ಅಂಕಿಗೆ ಇಟ್ಟ ಎರಡು ಥರ್ಮೋಸ್ಟಾಟ್‌ಗಳಿಂದಲೂ ಕೆಲಸ ನಡೆಯುತ್ತದೆ ಎಂದು ಕೆಲವರು ಹೇಳುವುದುಂಟು. ನಡೆಯುವುದೇನೋ ನಿಜ, ಆದರೆ ಒಂದೇ ಯಂತ್ರ ಸವೆಯುತ್ತದೆ, ಸುಮ್ಮನಿದ್ದ ಇನ್ನೊಂದು ಕೆಟ್ಟಿರುವುದು ಬೇಕಾದ ದಿನವೇ ಗೊತ್ತಾಗುತ್ತದೆ. ಸೆಟ್‌ಪಾಯಿಂಟ್ (ಒಳಗೆ ಕಾಯ್ದುಕೊಳ್ಳಬೇಕಾದ ಉಷ್ಣತೆ) 25ರಿಂದ 27 ಡಿಗ್ರಿಯ ನಡುವೆ ಇದ್ದರೆ ಸಾಕು. 20ಕ್ಕೆ ಇಳಿಸುವುದು ಬರೀ ಬಿಲ್ಲಿನ ಹೊರೆ. ಮೇಲಕ್ಕೆ ಬಿಡುವುದೂ ಸಲ್ಲದು, ಏಕೆಂದರೆ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೆನ್ಸರನ್ನು ಏಸಿಗೆ ಮರಳುವ ಗಾಳಿಯ ಹಾದಿಯಲ್ಲಿ ಕೂರಿಸಬೇಕೇ ಹೊರತು ತಂಪು ಗಾಳಿ ನೇರವಾಗಿ ಬೀಸುವಲ್ಲಿಯೂ ಮುಖ್ಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ (ಡಿಸಿ) ಬದಲಿಸುವ ರೆಕ್ಟಿಫೈಯರಿನ ನೆತ್ತಿಯ ಮೇಲೂ ಅಲ್ಲ.

ಕರೆಂಟಿನ ಏರುಪೇರಿಗೆ ಎರಡು ರಕ್ಷಣೆಗಳು ಕಡ್ಡಾಯ. ಒಂದು, ಕಂಪ್ರೆಸರ್ ನಿಂತ ಮೇಲೆ ಕನಿಷ್ಠ ಮೂರು ನಿಮಿಷ ಅದನ್ನು ಮತ್ತೆ ಶುರುವಾಗಗೊಡದ ಟೈಮರ್. ಎರಡೂ ಏಸಿಗಳು ಒಟ್ಟಿಗೆ ಎದ್ದು ಡೀಸೆಲ್ ಜನರೇಟರಿನ ಮೇಲೆ ಬೀಳದಂತೆ ಅವುಗಳ ಟೈಮರಿನ ಅವಧಿ ಬೇರೆ ಬೇರೆ ಇರಲಿ. ಇನ್ನೊಂದು, ಮೂರು ಫೇಸಿನ ಯಂತ್ರಕ್ಕೆ, ಫೇಸುಗಳ ಕ್ರಮ ತಪ್ಪಿದರೆ ಅದನ್ನು ನಿಲ್ಲಿಸುವ ಫೇಸ್ ಮಾನಿಟರ್. ಫೇಸ್ ಅದಲು ಬದಲಾದರೆ ಸ್ಕ್ರಾಲ್ ಕಂಪ್ರೆಸರ್ ಉಲ್ಟಾ ತಿರುಗಿ ಹಾಳಾಗುತ್ತದೆ.

ಮುಖ್ಯ ವಿದ್ಯುತ್ತೂ ಜನರೇಟರೂ ಕೈಕೊಟ್ಟಾಗ ಏಸಿ ನಿಲ್ಲುತ್ತದೆ, ಆದರೆ ಬ್ಯಾಟರಿಯಿಂದ ಓಡುವ ಉಪಕರಣ ಬಿಸಿ ಕಾರುತ್ತಲೇ ಇರುತ್ತದೆ. ಅದಕ್ಕಾಗಿ 48 ವೋಲ್ಟ್ ಡಿಸಿಯಿಂದ ನಡೆಯುವ ತುರ್ತು ಫ್ಯಾನನ್ನು, ತಾನೇ ತೆರೆಯುವ ಡ್ಯಾಂಪರಿನೊಂದಿಗೆ (ಗಾಳಿ ಕಿಂಡಿಯ ಕದ) ಹಾಕಿಸಬೇಕು. ಹೊರಗೆ 41 ಡಿಗ್ರಿ ಇರುವಾಗ ಅದರಿಂದೇನು ಲಾಭ ಎಂಬ ಪ್ರಶ್ನೆ ಸಹಜ; ಮುಚ್ಚಿದ ಶೆಲ್ಟರಿನ ಒಳಗು ಅದನ್ನೂ ಮೀರುತ್ತದೆ ಎಂಬುದೇ ಉತ್ತರ. ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾದ ಮೇಲಷ್ಟೇ ಫ್ಯಾನ್ ತಿರುಗುವಂತೆ ಹೊಂದಿಸಬೇಕು.

ಹೊರಗಾಳಿಯಿಂದ ತಂಪು ಮಾಡುವ ಎಕನಾಮೈಸರ್ ನವೆಂಬರಿನಿಂದ ಫೆಬ್ರವರಿಯ ರಾತ್ರಿಗಳಲ್ಲಿ ಕಂಪ್ರೆಸರಿಗೆ ವಿರಾಮ ಕೊಡುತ್ತದೆ. ಆದರೆ ಅದು ಗಾಳಿಯ ಜೊತೆಗೆ ಧೂಳನ್ನೂ ಎಳೆದುಕೊಳ್ಳುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ತಿಳಿಸುವ ಒತ್ತಡದ ಸ್ವಿಚ್ಚೂ, ತಪ್ಪದೆ ಬಂದು ಫಿಲ್ಟರ್ ಬದಲಿಸುವ ಮನುಷ್ಯನೂ ಇದ್ದರೆ ಮಾತ್ರ ಇದನ್ನು ಕೊಳ್ಳಬೇಕು. ಚಳಿಗಾಲದ ಕಡಿಮೆ ಉಷ್ಣತೆಗೆ ಕಂಡೆನ್ಸರಿನ (ಬಿಸಿಯನ್ನು ಹೊರಗೆ ಬಿಡುವ ಭಾಗ) ಫ್ಯಾನನ್ನು ಆಗಾಗ ನಿಲ್ಲಿಸಿ ಓಡಿಸುವ ಸಾದಾ ಒತ್ತಡ ನಿಯಂತ್ರಣ ಸಾಕು. ವಿದ್ಯುತ್ ಹೀಟರ್ ಇಲ್ಲಿಗೆ ಬೇಡ. ತೇವ ತೆಗೆಯುವ ನಿಯಂತ್ರಣದ ಅಗತ್ಯ ಮಳೆಗಾಲದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಗಿದೆಯೇ ಹೊರತು ವಿಜಯಪುರಕ್ಕಿಲ್ಲ.

ಹೆಚ್ಚು ಉಷ್ಣತೆಯ ಅಲಾರಮ್ಮಿಗೆ ಏಸಿಯ ಥರ್ಮೋಸ್ಟಾಟನ್ನೇ ನಂಬದೆ ಪ್ರತ್ಯೇಕ ಸೆನ್ಸರ್ ಇಡಬೇಕು. ತಂತಿ ತುಂಡಾದರೂ ಅಲಾರಂ ಬರುವಂತೆ, ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವ ಸಂಪರ್ಕದಲ್ಲಿ ಅದನ್ನು ಜೋಡಿಸಬೇಕು. ಹೊಗೆ ಪತ್ತೆಯಾದ ಕೂಡಲೇ ಏಸಿ, ಫ್ಯಾನುಗಳು ನಿಂತು ಡ್ಯಾಂಪರ್ ಮುಚ್ಚಿಕೊಳ್ಳುವ ಸಂಪರ್ಕವೂ ಇರಬೇಕು.

ಬಿಲ್ ಪಾಸು ಮಾಡುವ ಮುನ್ನ ಗುತ್ತಿಗೆದಾರನ ಎದುರಿಗೇ ಓಡುತ್ತಿರುವ ಏಸಿಯ ಎಂಸಿಬಿಯನ್ನು (ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ ಎರಡನೆಯದು ಏಳುವುದನ್ನೂ, ಅಲಾರಂ ಸೆನ್ಸರನ್ನು ಬಿಸಿ ಮಾಡಿ ನಿಯಂತ್ರಣ ಕೇಂದ್ರಕ್ಕೆ ಸಂದೇಶ ಮುಟ್ಟುವುದನ್ನೂ ನೋಡಬೇಕು. ಇದೇ ಪರೀಕ್ಷೆಯನ್ನು ಪ್ರತಿ ವರ್ಷ ಫೆಬ್ರವರಿಯಲ್ಲಿ, ಬಿಸಿಲು ಏರುವ ಮೊದಲು, ಕಂಡೆನ್ಸರ್ ಕಾಯಿಲ್ ತೊಳೆಯುವ ದಿನವೇ ಮಾಡಿ ಮುಗಿಸಬಹುದು.