ಖಾಸಗಿ ಶಾಲೆಗಳನ್ನು ಹೋಲಿಸಿ ಆರಿಸುವುದು ಹೇಗೆ: ನೋಟ್‌ಬುಕ್ ತೆರೆಯುವುದರಿಂದ ಸಹಿ ಹಾಕುವವರೆಗೆ

ಶಾಲೆಗಳು ಪೋಷಕರಿಗೆ ತೋರಿಸುವುದು ಸಾಮಾನ್ಯವಾಗಿ ಮೂರನ್ನು: ಕಟ್ಟಡ, ಪರೀಕ್ಷೆಯ ಫಲಿತಾಂಶ, ಗಾಜಿನ ಬೀರುವಿನಲ್ಲಿಟ್ಟ ಕಪ್ಪುಗಳು. ಮಗುವಿಗೆ ದಿನವೂ ಸಿಗುವುದು ಬೇರೆ. ವಾರದ ನಡುವಿನ ಯಾವುದೋ ಒಂದು ದಿನ, ಮಧ್ಯಾಹ್ನದ ಪೀರಿಯಡ್, ಮುಂದೆಯೂ ಅಲ್ಲದ ಹಿಂದೆಯೂ ಅಲ್ಲದ ಒಬ್ಬ ವಿದ್ಯಾರ್ಥಿಗೆ ಸಿಗುವ ಪಾಠ ಹೇಗಿದೆ? ಎರಡು ಶಾಲೆಗಳ ನಡುವೆ ಹೋಲಿಸಬೇಕಾದದ್ದು ಇದನ್ನೇ. ಅದು ಪ್ರಾಸ್ಪೆಕ್ಟಸ್‌ನಲ್ಲಿ ಇರುವುದಿಲ್ಲ, ಹುಡುಕಿ ತೆಗೆಯಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ದಾಖಲಾತಿಗೆ ಎಂಟು ಹತ್ತು ತಿಂಗಳು ಮೊದಲೇ ಶುರು ಮಾಡಿದರೆ ಆತುರವಿಲ್ಲದೆ ಮುಗಿಯುತ್ತದೆ.

ಪಟ್ಟಿ ಸಣ್ಣದು ಮಾಡುವುದು

ಆರೆಂಟು ಶಾಲೆಗಳ ಹೆಸರು ಬರೆದುಕೊಳ್ಳಿ. ಯಾವುದಕ್ಕೂ ಭೇಟಿ ಕೊಡುವ ಮೊದಲು ದೂರ, ಖರ್ಚು, ಮಾನ್ಯತೆ ಈ ಮೂರರ ಮೇಲೆ ಸೋಸಿ ಮೂರಕ್ಕೆ ಇಳಿಸಿ. ಭೇಟಿ ಕೊಟ್ಟ ಮೇಲೆ ಸೋಸುವುದು ಕಷ್ಟ. ಚೆಂದದ ಮೈದಾನ ನೋಡಿದ ಮೇಲೆ ದೂರ ಹತ್ತಿರವಾಗಿ ಕಾಣತೊಡಗುತ್ತದೆ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮಿಷದಲ್ಲಿ ಅಳೆಯಿರಿ. ಅದೂ ನಿಮ್ಮ ಗಾಡಿಯ ನಿಮಿಷ ಅಲ್ಲ, ಶಾಲೆಯ ಬಸ್ಸಿನ ನಿಮಿಷ. ಬಸ್ಸು ಎಲ್ಲ ನಿಲ್ದಾಣ ಸುತ್ತಿಕೊಂಡು ಬರುತ್ತದೆ. ಮೊದಲು ಹತ್ತುವ ಮಗು ಕಡೆಗೆ ಇಳಿಯುವುದೂ ಉಂಟು. ಹೋಗಲು 50, ಬರಲು 50 ನಿಮಿಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 200 ಶಾಲಾ ದಿನಗಳಾದರೆ 20,000 ನಿಮಿಷ, ಅಂದರೆ 40 ನಿಮಿಷದ 500 ಪೀರಿಯಡ್. ಆಟಕ್ಕೋ ಓದಿಗೋ ನಿದ್ದೆಗೋ ಸೇರಬೇಕಿದ್ದ ಹೊತ್ತು ಅದು. ದೂರದ ಶಾಲೆ ಹತ್ತಿರದ್ದಕ್ಕಿಂತ ತುಸು ಉತ್ತಮವಾಗಿದ್ದರೆ ಸಾಲದು, ಈ 500 ಪೀರಿಯಡ್ ತೀರಿಸುವಷ್ಟು ಉತ್ತಮವಾಗಿರಬೇಕು.

ಮಾನ್ಯತೆಯಲ್ಲಿ ಎಡವುವವರು ಬಹಳ. ಶಾಲೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದ ಮಾತ್ರಕ್ಕೆ ಅಲ್ಲಿ ಅಂತಾರಾಷ್ಟ್ರೀಯ ಪಠ್ಯಕ್ರಮ ಇದೆ ಎಂದಾಗುವುದಿಲ್ಲ. ಇಂಥ ಪಠ್ಯಕ್ರಮ ರೂಪಿಸುವ, 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಸಂಸ್ಥೆ ಪ್ರಾಥಮಿಕ, ಮಧ್ಯಮ, ಡಿಪ್ಲೊಮಾ ಹಂತಗಳಿಗೆ ಬೇರೆ ಬೇರೆಯಾಗಿ ಅನುಮತಿ ಕೊಡುತ್ತದೆ. ಒಂದು ಹಂತಕ್ಕೆ ಅನುಮತಿ ಇದ್ದರೆ ಮುಂದಿನದಕ್ಕೂ ಇದೆ ಎಂದು ಅಂದುಕೊಳ್ಳುವಂತಿಲ್ಲ. ಅರ್ಜಿ ಹಾಕಿ ಕಾಯುತ್ತಿರುವ ‘ಕ್ಯಾಂಡಿಡೇಟ್’ ಶಾಲೆ ಅನುಮತಿ ಪಡೆದ ಶಾಲೆಯೂ ಅಲ್ಲ. ಯಾವ ಮಂಡಳಿಯೇ ಆಗಲಿ, ಮಾನ್ಯತೆ ಕೊಡುವ ಸಂಸ್ಥೆಯ ಸ್ವಂತ ಪಟ್ಟಿಯಲ್ಲಿ ಶಾಲೆಯ ಹೆಸರು, ಕ್ಯಾಂಪಸ್ಸು, ಯಾವ ತರಗತಿಯವರೆಗೆ, ಯಾವ ವರ್ಷದವರೆಗೆ ಎಂಬ ನಾಲ್ಕನ್ನೂ ನೋಡಿ. ಒಂದೇ ಹೆಸರಿನ ನಾಲ್ಕು ಶಾಖೆಗಳಲ್ಲಿ ಒಂದಕ್ಕೆ ಮಾತ್ರ ಮಾನ್ಯತೆ ಇರಬಹುದು.

ಹಣದ ಲೆಕ್ಕ ಕೊನೆಯ ತರಗತಿಯವರೆಗೆ

ಮೊದಲ ವರ್ಷದ ಶುಲ್ಕ ಮಾತ್ರ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಒಂದು ಶಾಲೆಯ ಮೊದಲ ವರ್ಷದ ಶುಲ್ಕ 100 ಎಂದುಕೊಳ್ಳಿ, ವರ್ಷಕ್ಕೆ ಶೇ 10 ಏರಿಕೆ. ಇನ್ನೊಂದರದ್ದು 120, ಏರಿಕೆ ಶೇ 5. ಮೊದಲನೆಯದು ಅಗ್ಗ ಅನಿಸುತ್ತದೆ. ಐದನೇ ವರ್ಷಕ್ಕೆ ಅದು ಎರಡನೆಯದನ್ನು ದಾಟುತ್ತದೆ. 12 ವರ್ಷದ ಒಟ್ಟು ಮೊತ್ತ ಮೊದಲನೆಯದರಲ್ಲಿ ಸುಮಾರು 2,138, ಎರಡನೆಯದರಲ್ಲಿ 1,910. ಆದ್ದರಿಂದ ಕೇಳಬೇಕಾದದ್ದು ಕಳೆದ ಐದು ವರ್ಷಗಳ ಶುಲ್ಕದ ಪಟ್ಟಿ. ‘ಈ ವರ್ಷ ಏರಿಸಿಲ್ಲ’ ಎಂಬ ಮಾತು ಮುಂದಿನ ವರ್ಷದ ಬಗ್ಗೆ ಏನೂ ಹೇಳುವುದಿಲ್ಲ. ಹಂತ ಬದಲಾಗುವಾಗ, ಅಂದರೆ ಪ್ರಾಥಮಿಕದಿಂದ ಮಾಧ್ಯಮಿಕಕ್ಕೆ ಹೋಗುವಾಗ, ಶುಲ್ಕ ಒಮ್ಮೆಗೇ ಜಿಗಿಯುತ್ತದೆಯೇ ಎಂದೂ ಕೇಳಿ.

ಬೋಧನಾ ಶುಲ್ಕದ ಹೊರಗೆ ಬರುವ ಬಾಬ್ತುಗಳನ್ನು ಸೇರಿಸಿ: ಪ್ರವೇಶ ಶುಲ್ಕ, ಠೇವಣಿ, ಬಸ್ಸು, ಊಟ, ಸಮವಸ್ತ್ರ, ಪುಸ್ತಕ, ಟ್ಯಾಬ್ಲೆಟ್ಟು, ಪ್ರವಾಸ, ಪರೀಕ್ಷಾ ಶುಲ್ಕ, ಶಾಲೆ ಮುಗಿದ ಮೇಲಿನ ತರಗತಿಗಳು. ಇವುಗಳಲ್ಲಿ ಕಡ್ಡಾಯ ಯಾವುದು, ಐಚ್ಛಿಕ ಯಾವುದು ಎಂದು ಬರಹದಲ್ಲಿ ಪಡೆಯಿರಿ. ಹೆಸರಿಗೆ ಐಚ್ಛಿಕವಾಗಿದ್ದು ತರಗತಿಯ ಎಲ್ಲರೂ ಹೋಗುವ ಪ್ರವಾಸವನ್ನು ಕಡ್ಡಾಯದ ಸಾಲಿಗೇ ಬರೆದುಕೊಳ್ಳಿ.

ಶೇ 100 ಫಲಿತಾಂಶ ಎಂದರೆ ಎಷ್ಟು ಜನ?

ಪರೀಕ್ಷೆಗೆ ಕುಳಿತವರು 45, ಪಾಸಾದವರು 45. ಬ್ಯಾನರು ಸುಳ್ಳು ಹೇಳುತ್ತಿಲ್ಲ. ಆದರೆ ಎರಡು ವರ್ಷದ ಹಿಂದೆ ಅದೇ ಬ್ಯಾಚಿನಲ್ಲಿ 60 ಮಕ್ಕಳಿದ್ದರೆ ಉಳಿದ 15 ಮಕ್ಕಳು ಎಲ್ಲಿ ಹೋದರು? ಕೆಲವರ ಮನೆಯವರು ಊರು ಬಿಟ್ಟಿರಬಹುದು. ಹಿಂದೆ ಬಿದ್ದವರನ್ನು ‘ಬೇರೆ ಶಾಲೆ ನೋಡಿಕೊಳ್ಳಿ’ ಎಂದು ಕಳಿಸಿರಲೂಬಹುದು. ಬ್ಯಾಚಿನ ಆರಂಭದ ಸಂಖ್ಯೆ, ಪರೀಕ್ಷೆಗೆ ಕುಳಿತವರ ಸಂಖ್ಯೆ ಎರಡನ್ನೂ ಮೂರು ವರ್ಷಗಳಿಗೆ ಕೇಳಿ. ತಿರುಗುಮುರುಗಾಗಿಯೂ ನಡೆಯುತ್ತದೆ: ಮೇಲಿನ ತರಗತಿಗೆ ಹೊರಗಿನ ಜಾಣ ಮಕ್ಕಳನ್ನು ಪ್ರವೇಶ ಪರೀಕ್ಷೆಯಲ್ಲಿ ಆರಿಸಿ ತಂದು, ಅವರ ಅಂಕಗಳನ್ನು ಶಾಲೆಯ ಸಾಧನೆ ಎಂದು ತೋರಿಸುವುದು. ಪ್ರವೇಶದಲ್ಲೇ ಸೋಸಿದ ಶಾಲೆಯ ಸರಾಸರಿಯನ್ನು ಎಲ್ಲರನ್ನೂ ತೆಗೆದುಕೊಳ್ಳುವ ಶಾಲೆಯ ಸರಾಸರಿಯ ಪಕ್ಕ ಇಡುವುದು ಅನ್ಯಾಯ.

ಇನ್ನೂ ದೊಡ್ಡ ಮಾತೊಂದಿದೆ. 2000ದಿಂದ 15 ವರ್ಷದ ಮಕ್ಕಳನ್ನು ಹಲವು ದೇಶಗಳಲ್ಲಿ ಪರೀಕ್ಷಿಸುತ್ತಿರುವ ಪಿಸಾ ಸಮೀಕ್ಷೆಯಲ್ಲಿ, ಮನೆಯ ಆರ್ಥಿಕ ಮತ್ತು ಶೈಕ್ಷಣಿಕ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದರೆ ಖಾಸಗಿ ಶಾಲೆಗಳ ಮುನ್ನಡೆಯ ಬಹುಪಾಲು ಅನೇಕ ಕಡೆ ಕರಗಿಹೋಗುತ್ತದೆ. ‘ಖಾಸಗಿ’ ಎಂಬ ಹಣೆಪಟ್ಟಿಗೆ ಹಣ ಕೊಡಬೇಕಾಗಿಲ್ಲ. ಆ ನಿರ್ದಿಷ್ಟ ಶಾಲೆ ಏನು ಮಾಡುತ್ತದೆ ಎಂಬುದಕ್ಕೆ ಕೊಡಬೇಕು.

ಶಿಕ್ಷಕರು ಎಷ್ಟು ಮಂದಿ, ಎಷ್ಟು ವರ್ಷದಿಂದ

‘15 ಮಕ್ಕಳಿಗೆ ಒಬ್ಬ ಶಿಕ್ಷಕರು’ ಎಂದರೆ ತರಗತಿಯಲ್ಲಿ 15 ಮಕ್ಕಳು ಎಂದಲ್ಲ. 600 ಮಕ್ಕಳು, 40 ಶಿಕ್ಷಕರು ಇದ್ದರೆ ಅನುಪಾತ 15 ಬರುತ್ತದೆ. ಆ 40ರಲ್ಲಿ ಹತ್ತು ಮಂದಿ ಕ್ರೀಡೆ, ಸಂಗೀತ, ಗ್ರಂಥಾಲಯ, ಆಡಳಿತದವರು ಎಂದುಕೊಳ್ಳೋಣ. ಉಳಿದ 30 ಮಂದಿ ಎಂಟು ಪೀರಿಯಡ್‌ನಲ್ಲಿ ಆರನ್ನು ತೆಗೆದುಕೊಂಡರೆ ಯಾವುದೇ ಹೊತ್ತಿನಲ್ಲಿ ಪಾಠ ಮಾಡುತ್ತಿರುವವರು 22 ಅಥವಾ 23. ಆಗ ಒಂದು ತರಗತಿಗೆ ಸುಮಾರು 27 ಮಕ್ಕಳು. ಹಾಗಾಗಿ ಅನುಪಾತ ಕೇಳಬೇಡಿ. ನಿಮ್ಮ ಮಗು ಸೇರುವ ತರಗತಿಯ ಪ್ರತಿ ಸೆಕ್ಷನ್ನಿನಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ, ಗರಿಷ್ಠ ಎಷ್ಟರವರೆಗೆ ತುಂಬುತ್ತಾರೆ ಎಂದು ಕೇಳಿ.

ಚಿಕ್ಕ ತರಗತಿಯ ಲಾಭ ಎಳೆಯ ವಯಸ್ಸಿನಲ್ಲಿ ಚೆನ್ನಾಗಿ ಸಾಬೀತಾಗಿದೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಲ್ಲಿ ಶುರುವಾದ ಸ್ಟಾರ್ ಪ್ರಯೋಗದಲ್ಲಿ ಶಿಶುವಿಹಾರದಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು: ಕೆಲವರು 13ರಿಂದ 17 ಮಕ್ಕಳ ತರಗತಿಗೆ, ಕೆಲವರು 22ರಿಂದ 25ರ ತರಗತಿಗೆ, ಇನ್ನು ಕೆಲವರು ಅಷ್ಟೇ ದೊಡ್ಡದಾದ ಆದರೆ ಸಹಾಯಕಿಯಿರುವ ತರಗತಿಗೆ. ಚಿಕ್ಕ ತರಗತಿಯವರು ಓದು, ಗಣಿತ ಎರಡರಲ್ಲೂ ಮುಂದೆ ಬಂದರು. ಸಹಾಯಕಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ತರಗತಿ ದೊಡ್ಡದು, ಆದರೆ ಇಬ್ಬರಿದ್ದಾರೆ’ ಎಂಬ ಸಮಾಧಾನವನ್ನು ಅಷ್ಟಕ್ಕೇ ತೂಗಿ. ಮೇಲಿನ ತರಗತಿಗಳಲ್ಲಿ ಸಂಖ್ಯೆಗಿಂತ ಶಿಕ್ಷಕರ ವಿಷಯ ಜ್ಞಾನಕ್ಕೆ ಹೆಚ್ಚು ಬೆಲೆ ಕೊಡಿ.

ಶಾಲೆಯ ಆರೋಗ್ಯ ಹೇಳುವ ಒಂದೇ ಅಂಕಿ ಬೇಕೆಂದರೆ ಶಿಕ್ಷಕರ ಬದಲಾವಣೆಯನ್ನು ಕೇಳಿ: ಕಳೆದ ವರ್ಷ ಇದ್ದವರಲ್ಲಿ ಎಷ್ಟು ಮಂದಿ ಬಿಟ್ಟರು, ವರ್ಷದ ನಡುವೆ ಬಿಟ್ಟವರು ಎಷ್ಟು? ಹತ್ತರಲ್ಲಿ ಒಬ್ಬರು ಹೋಗುವುದು ಸಹಜ. ಎರಡು ವರ್ಷ ಸತತವಾಗಿ ನಾಲ್ವರಲ್ಲಿ ಒಬ್ಬರು ಹೋಗಿದ್ದರೆ ಒಳಗೆ ಏನೋ ಸರಿಯಿಲ್ಲ. ಸಂಬಳ ಕಡಿಮೆ ಇರಬಹುದು, ಕೆಲಸದ ಹೊರೆ ಇರಬಹುದು, ಪ್ರಿನ್ಸಿಪಾಲರೇ ಕಾರಣ ಇರಬಹುದು. ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದರೆ ಪ್ರಶ್ನೆ ಕಿರಿದು ಮಾಡಿ: ‘ಈಗಿನ ಐದನೇ ತರಗತಿಗೆ ಈ ವರ್ಷ ಎಷ್ಟು ಮಂದಿ ಗಣಿತ ಶಿಕ್ಷಕರು ಬಂದರು?’ ಇದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ಭೇಟಿ

‘ಓಪನ್ ಡೇ’ಗೆ ಹೋಗಿ, ಬೇಡ ಎನ್ನುವುದಿಲ್ಲ. ಆದರೆ ತೀರ್ಮಾನಕ್ಕೆ ಅದು ಆಧಾರವಲ್ಲ. ಮಾಮೂಲಿ ಕೆಲಸದ ದಿನ, ಪಾಠ ನಡೆಯುವ ಹೊತ್ತಿಗೆ ಸಮಯ ಕೇಳಿ. ಶಾಲೆ ಬಿಡುವವರೆಗೂ ಉಳಿಯುವ ಹಾಗೆ ಹೋದರೆ ಒಳ್ಳೆಯದು. ತರಗತಿಗೆ ಬಿಡುವುದೇ ಇಲ್ಲ ಎನ್ನುವ ಶಾಲೆಗೆ ಭದ್ರತೆಯ ಕಾರಣ ಇರಬಹುದು. ಹಾಗಿದ್ದರೆ ನೋಟ್‌ಬುಕ್ ತೋರಿಸಲು ಏನೂ ಅಡ್ಡಿಯಿಲ್ಲವಲ್ಲ.

ನೋಟ್‌ಬುಕ್ಕಿನ ಬಗ್ಗೆ ವಿವರವಾಗಿ ಹೇಳಬೇಕು. ಭಾಷೆ, ಗಣಿತ, ವಿಜ್ಞಾನ, ಒಂದೇ ತರಗತಿಯ ಮೂವರು ಮಕ್ಕಳದ್ದು, ಹೆಸರು ಮುಚ್ಚಿ ಕೊಟ್ಟರೂ ಸಾಕು. ಅವರು ಆರಿಸಿ ಕೊಡುವ ‘ಅತ್ಯುತ್ತಮ’ ಪುಸ್ತಕ ಬೇಡ, ರಾಶಿಯ ನಡುವಿನಿಂದ ಎಳೆದುಕೊಳ್ಳಿ. ವರ್ಷದ ಮೊದಲ ಪುಟಗಳನ್ನು ಬಿಟ್ಟು ನಡುವೆ ತೆರೆಯಿರಿ. ಮೂರರಲ್ಲೂ ಒಂದೇ ವಾಕ್ಯ, ಅಕ್ಷರಕ್ಕೆ ಅಕ್ಷರ ಇದ್ದರೆ ಬೋರ್ಡಿನಿಂದ ನಕಲು ಮಾಡಿಸಿದ್ದಾರೆ ಎಂದರ್ಥ. ಮಗು ಸ್ವಂತವಾಗಿ ಬರೆದ ಉತ್ತರದಲ್ಲಿ ತಪ್ಪು ಇರಲೇಬೇಕು, ತಪ್ಪೇ ಇಲ್ಲದ ಪುಸ್ತಕ ಅನುಮಾನಕ್ಕೆ ಕಾರಣ. ತಿದ್ದಿದ ದಿನಾಂಕ ಬರೆದ ದಿನಾಂಕಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ನೋಡಿ. ಮೂರು ವಾರದ ಕೆಲಸವನ್ನು ಒಂದೇ ದಿನ ಟಿಕ್ ಹಾಕಿದ್ದು ಶಾಯಿಯಲ್ಲೇ ಗೊತ್ತಾಗುತ್ತದೆ. ‘ಗುಡ್’ ಎಂಬ ಸಹಿ ಮಗುವಿಗೆ ಏನನ್ನೂ ಕಲಿಸುವುದಿಲ್ಲ. ‘ಎರಡನೇ ಹಂತದಲ್ಲಿ ದಶಕ ಕೂಡಲು ಮರೆತಿದ್ದೀಯ’ ಎಂಬ ಒಂದು ಸಾಲು ಕಲಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಆ ಸಾಲಿನ ಕೆಳಗೆ ಮಗು ಅದೇ ಲೆಕ್ಕವನ್ನು ಮತ್ತೆ ಮಾಡಿದೆಯೇ? ಇದು ಕಂಡರೆ ಆ ಶಾಲೆಗೆ ದೊಡ್ಡ ಅಂಕ ಕೊಡಿ, ಅಷ್ಟು ಅಪರೂಪ ಅದು.

ತರಗತಿಯೊಳಗೆ ಹೋಗಲು ಬಿಟ್ಟರೆ ಕಡೆಯ ಬೆಂಚಿನ ಹಿಂದೆ ಹತ್ತು ನಿಮಿಷ ನಿಲ್ಲಿ. ಶಿಕ್ಷಕರ ಮಾತು ಸ್ಪಷ್ಟವಾಗಿ ಕೇಳುತ್ತದೆಯೇ? ಪಾಠದ ವೇಳೆ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಹೆದ್ದಾರಿಗೆ ಕಿಟಕಿ ತೆರೆದುಕೊಂಡ ತರಗತಿ ಅದರ ಹತ್ತಿರಕ್ಕೂ ಬರುವುದಿಲ್ಲ. ಪ್ರಶ್ನೆಗೆ ಕೈ ಎತ್ತದ ಮಕ್ಕಳನ್ನೂ ಶಿಕ್ಷಕರು ಕೇಳುತ್ತಾರೆಯೇ, ತಪ್ಪು ಉತ್ತರ ಬಂದಾಗ ತರಗತಿ ನಗುತ್ತದೆಯೇ ಎಂದು ಗಮನಿಸಿ. ಗೋಡೆಯ ಮೇಲಿನ ಮೂವತ್ತು ಚಿತ್ರಗಳೂ ಒಂದೇ ಥರ ಇದ್ದರೆ ಅವನ್ನು ಮಾಡಿಸಿದ್ದು ದೊಡ್ಡವರು.

ಮಧ್ಯಾಹ್ನದ ಮೇಲೆ ಮಕ್ಕಳ ಶೌಚಾಲಯಕ್ಕೆ ಹೋಗಿ ನೋಡಬಹುದೇ ಎಂದು ಕೇಳಿ, ಬೆಳಗ್ಗೆ ಎಲ್ಲ ಕಡೆಯೂ ತೊಳೆದಿರುತ್ತದೆ. ಚಿಲಕ, ನೀರು, ಸೋಪು ನೋಡಿ. 25 ಹುಡುಗಿಯರಿಗೆ ಒಂದು, 50 ಹುಡುಗರಿಗೆ ಒಂದು ಶೌಚಾಲಯ ಮತ್ತು ಒಂದು ಮೂತ್ರಾಲಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಶಾಲೆಗಳಿಗೆ ಹೇಳಿದ ಅಳತೆ. ಗ್ರಂಥಾಲಯದಲ್ಲಿ ಪುಸ್ತಕಗಳ ಸಂಖ್ಯೆ ಕೇಳುವ ಬದಲು ನಾಲ್ಕು ಪುಸ್ತಕ ತೆಗೆದು ಕೊನೆಯ ಸಲ ಯಾವಾಗ ಹೊರಗೆ ಹೋಯಿತು ನೋಡಿ. ಪ್ರಯೋಗಾಲಯದ ಬಾಟಲಿಗಳ ಮೇಲಿನ ಧೂಳೂ ಇದೇ ಕಥೆ ಹೇಳುತ್ತದೆ. ಶಾಲೆ ಬಿಡುವಾಗ ಗೇಟಿನ ಹತ್ತಿರ ನಿಂತು, ಚಿಕ್ಕ ಮಕ್ಕಳನ್ನು ಯಾರ ಕೈಗೆ ಹೇಗೆ ಒಪ್ಪಿಸುತ್ತಾರೆ, ಮಕ್ಕಳು ಓಡಾಡುವಾಗ ಬಸ್ಸುಗಳನ್ನು ಹಿಂದಕ್ಕೆ ತೆಗೆಯುತ್ತಾರೆಯೇ ಎಂದು ನೋಡಿ.

ಓದಲು ನಿಧಾನವಿರುವ, ಕಿವಿ ಮಂದವಿರುವ ಅಥವಾ ಬೇರಾವುದೇ ಹೆಚ್ಚಿನ ನೆರವು ಬೇಕಿರುವ ಮಗುವಾದರೆ ಅದನ್ನು ಮುಚ್ಚಿಡದೆ ಮೊದಲೇ ಹೇಳಿ. ‘ನಾವು ಎಲ್ಲರನ್ನೂ ತೆಗೆದುಕೊಳ್ಳುತ್ತೇವೆ’ ಎಂಬ ಉತ್ತರ ಸಾಲದು. ನೆರವು ಕೊಡುವವರು ಯಾರು, ವಾರಕ್ಕೆ ಎಷ್ಟು ಗಂಟೆ, ಯಾವ ಪಾಠ ತಪ್ಪಿಸಿ, ಅದಕ್ಕೆ ಬೇರೆ ಹಣವೇ ಎಂಬ ನಾಲ್ಕಕ್ಕೂ ಉತ್ತರ ಬರಬೇಕು.

ಇತರ ಪೋಷಕರನ್ನು ಕೇಳುವಾಗ

‘ಶಾಲೆ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದೇ ಬರುತ್ತದೆ. ಹಣ ಕಟ್ಟಿದವರು ತಮ್ಮ ಆಯ್ಕೆಯನ್ನು ಬಿಟ್ಟುಕೊಡುವುದಿಲ್ಲ. ಕನಿಷ್ಠ ಮೂರು ವರ್ಷದಿಂದ ಅಲ್ಲಿರುವವರನ್ನೂ ಬಿಟ್ಟು ಬಂದವರನ್ನೂ ಹುಡುಕಿ, ನಡೆದದ್ದನ್ನೇ ಕೇಳಿ. ಕೊನೆಯ ಸಲ ದೂರು ಕೊಟ್ಟಾಗ ಯಾರು, ಎಷ್ಟು ದಿನದಲ್ಲಿ ಉತ್ತರಿಸಿದರು? ಮಕ್ಕಳ ನಡುವೆ ಕಾಟ ನಡೆದಾಗ ಶಾಲೆ ಏನು ಮಾಡಿತು? ಆ ತರಗತಿಯಲ್ಲಿ ಎಷ್ಟು ಮಕ್ಕಳು ಹೊರಗೆ ಟ್ಯೂಷನ್‌ಗೆ ಹೋಗುತ್ತಾರೆ? ಮುಕ್ಕಾಲು ಪಾಲು ಹೋಗುತ್ತಿದ್ದರೆ ಆ ಫಲಿತಾಂಶದ ಒಂದು ಭಾಗ ಟ್ಯೂಷನ್ನಿನದು. ಅದರ ಖರ್ಚೂ ಸಮಯವೂ ನಿಮ್ಮ ಲೆಕ್ಕಕ್ಕೆ ಸೇರಬೇಕು.

ತೂಗುವುದು, ಸಹಿ ಹಾಕುವುದು

ಇಪ್ಪತ್ತು ಅಂಶಗಳ ಕೋಷ್ಟಕ ಮಾಡಿ ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಹಾಕುವವರಿದ್ದಾರೆ. ಕೂಡಿದರೆ ಮೂರೂ ಶಾಲೆಗಳ ಮೊತ್ತ ಹೆಚ್ಚುಕಡಿಮೆ ಒಂದೇ ಬರುತ್ತದೆ. ಈಜುಕೊಳದ ಅಂಕವೂ ಗಣಿತ ಪಾಠದ ಅಂಕವೂ ಅಲ್ಲಿ ಸಮಾನ. ಐದು ಸಾಲು ಸಾಕು: ತರಗತಿಯ ಪಾಠ ಮತ್ತು ನೋಟ್‌ಬುಕ್, ಶಿಕ್ಷಕರ ಸ್ಥಿರತೆ, ಪ್ರಯಾಣದ ನಿಮಿಷ, ಕೊನೆಯವರೆಗಿನ ಖರ್ಚು, ನಿಮ್ಮ ಮಗುವಿಗೆ ಅಗತ್ಯವಾದ ಯಾವುದೋ ಒಂದು. ಮೊದಲೆರಡಕ್ಕೆ ಎರಡರಷ್ಟು ತೂಕ ಕೊಡಿ. ಇಬ್ಬರು ಪೋಷಕರೂ ಒಬ್ಬರದ್ದೊಬ್ಬರು ನೋಡದೆ ಅಂಕ ಹಾಕಿ, ಆಮೇಲೆ ಎದುರಿಗಿಟ್ಟುಕೊಳ್ಳಿ. ಎಲ್ಲಿ ವ್ಯತ್ಯಾಸ ಬಂತೋ ಅದನ್ನಷ್ಟೇ ಚರ್ಚಿಸಿದರೆ ಸಾಕು. ಶಾಲೆ ಒಪ್ಪಿದರೆ ಮಗುವನ್ನು ಅರ್ಧ ದಿನ ಕೂರಿಸಿ ನೋಡಿ, ಮನೆಗೆ ಬಂದ ಮೇಲೆ ‘ಇಷ್ಟವಾಯಿತಾ?’ ಎನ್ನುವುದಕ್ಕಿಂತ ‘ಯಾರ ಪಕ್ಕ ಕೂತಿದ್ದೆ, ಊಟಕ್ಕೆ ಯಾರ ಜೊತೆ ಹೋದೆ?’ ಎಂದು ಕೇಳಿ.

ಹಣ ಕಟ್ಟುವ ಮುನ್ನ ಒಪ್ಪಂದದ ಹಾಳೆ ಪೂರ್ತಿ ಓದಿ. ಸೇರುವ ಮೊದಲೇ ಮನಸ್ಸು ಬದಲಾಯಿಸಿದರೆ ಯಾವ ದಿನಾಂಕದವರೆಗೆ ಎಷ್ಟು ಹಣ ವಾಪಸು, ನಡುವೆ ಬಿಡಬೇಕಾದರೆ ಎಷ್ಟು ಮುಂಚೆ ತಿಳಿಸಬೇಕು, ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ಬಾಕಿ ಇದ್ದರೆ ವರ್ಗಾವಣೆ ಪತ್ರ ತಡೆಹಿಡಿಯುತ್ತಾರೆಯೇ ಎಂಬುದು ಅಲ್ಲಿ ಇರಬೇಕು. ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ‘ಹೀಗೆ ಹೇಳಿದಿರಿ, ಸರಿಯೇ?’ ಎಂದು ಉತ್ತರ ತರಿಸಿಕೊಳ್ಳಿ. ಪ್ರತಿ ಪಾವತಿಗೂ ಬಾಬ್ತು ನಮೂದಿಸಿದ ರಸೀದಿ ಬೇಕು, ಒಟ್ಟು ಮೊತ್ತದ ರಸೀದಿ ಮರುಪಾವತಿಯ ಜಗಳದಲ್ಲಿ ಕೈಹಿಡಿಯುವುದಿಲ್ಲ. ಎರಡನೇ ಆಯ್ಕೆಯ ಶಾಲೆಯ ಕಾಯುವ ಪಟ್ಟಿಯಿಂದ ಹೆಸರು ತೆಗೆಸುವುದನ್ನು, ಮೊದಲನೆಯದರಲ್ಲಿ ಹಣ ಮರಳುವ ಕೊನೆಯ ದಿನಾಂಕದವರೆಗೆ ತಡೆಯಿರಿ.